ಯಂತ್ರಕ್ಕೂ ಮುಂಚೆ ನೆಲ

ಕಾರ್ಖಾನೆಗೆ ಹೊಸ ಯಂತ್ರ ಬಂದ ದಿನ ಅರಿಶಿನ, ಕುಂಕುಮ, ಹೂವಿನ ಹಾರ ಎಲ್ಲವೂ ಯಂತ್ರಕ್ಕೇ ಸಲ್ಲುತ್ತವೆ. ಅದರ ಕೆಳಗೆ ಹೂತುಹೋಗಿರುವ ಕಾಂಕ್ರೀಟಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಆದರೆ ಸಾಲ ಮಾಡಿ ತಂದ ಆ ಯಂತ್ರ ಮುಂದಿನ ಇಪ್ಪತ್ತು ವರ್ಷ ನೆಟ್ಟಗೆ ದುಡಿಯುತ್ತದೋ, ಆರು ತಿಂಗಳಿಗೊಮ್ಮೆ ರಿಪೇರಿಯವರ ದಾರಿ ಕಾಯುತ್ತದೋ ಎಂಬುದು ಬಹುಮಟ್ಟಿಗೆ ಅದು ಟ್ರೇಲರ್‌ನಿಂದ ಇಳಿಯುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ ಭಾರೀ ಯಂತ್ರ ಕೂರಿಸುವ ಮಾಲೀಕರು ಫೌಂಡೇಶನ್ ಕೆಲಸವನ್ನು ಸಿವಿಲ್ ಗುತ್ತಿಗೆದಾರರಿಗೆ ಒಪ್ಪಿಸಿ ಮರೆತುಬಿಡಬಾರದು. ಅದು ಕಟ್ಟಡದ ಬಾಬತ್ತಲ್ಲ, ಯಂತ್ರದ್ದೇ ಒಂದು ಭಾಗ.

ನಮ್ಮಲ್ಲಿ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಶಿವನಸಮುದ್ರದ ವಿದ್ಯುದಾಗಾರಕ್ಕೆ ಹೊರದೇಶಗಳಿಂದ ಹಡಗಿನಲ್ಲಿ ಬಂದ ಭಾರೀ ಯಂತ್ರಗಳನ್ನು ಕಾವೇರಿಯ ಕಣಿವೆಗೆ ಮುಟ್ಟಿಸಿದ್ದು ಆನೆಗಳು ಮತ್ತು ಗಾಡಿಗಳು. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ತಂತಿಯ ಉದ್ದವನ್ನು ಎಲ್ಲರೂ ನೆನೆಯುತ್ತಾರೆ. ತಿರುಗುವ ಆ ಯಂತ್ರಗಳನ್ನು ಕದಲದಂತೆ ಹಿಡಿದ ನೆಲಗೆಲಸ ಮಾತ್ರ ಕಥೆಯೊಳಗೆ ಬರುವುದೇ ಇಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿತು, 1953ರಲ್ಲಿ ಎಚ್‌ಎಂಟಿ ಹುಟ್ಟಿ ಜಾಲಹಳ್ಳಿಯಲ್ಲಿ ಯಂತ್ರ ಮಾಡುವ ಯಂತ್ರಗಳೇ ತಯಾರಾದವು. ಯಂತ್ರ ಕೂರಿಸುವುದನ್ನು ಕೈಯಿಂದ ಕೈಗೆ ಕಲಿತ ಫಿಟ್ಟರ್‌ಗಳ ಪೀಳಿಗೆ ಬೆಳೆದದ್ದು ಇಂಥ ಕಾರ್ಖಾನೆಗಳ ಅಂಗಳದಲ್ಲಿ.

ಮನೆಯ ಬುನಾದಿ ಭಾರ ಹೊತ್ತರೆ ಸಾಕು, ಯಂತ್ರದ ಬುನಾದಿ ನಡುಕವನ್ನೂ ತಾಳಬೇಕು. ಕಾಂಕ್ರೀಟ್ ಗಡ್ಡೆಗೂ ಅದರಡಿಯ ಮಣ್ಣಿಗೂ ಸೇರಿ ತಮ್ಮದೇ ಆದ ಒಂದು ಸಹಜ ಕಂಪನವಿರುತ್ತದೆ. ಯಂತ್ರ ತಿರುಗುವ ವೇಗ ಅದಕ್ಕೆ ತಾಳೆಯಾಯಿತೆಂದರೆ ಸಣ್ಣ ಅದುರಾಟವೂ ಹಲವು ಪಟ್ಟು ಹಿಗ್ಗುತ್ತದೆ. ಹೆದರಿ ಇನ್ನಷ್ಟು ಕಾಂಕ್ರೀಟ್ ಸುರಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ತಪ್ಪು. ಭಾರ ಹೆಚ್ಚಿದಂತೆ ಸಹಜ ಕಂಪನ ಇಳಿದು, ಕೆಲವೊಮ್ಮೆ ಯಂತ್ರದ ವೇಗಕ್ಕೇ ಹತ್ತಿರವಾಗಬಹುದು. ಐಎಸ್ 2974 ಎಂಬ ಭಾರತೀಯ ಮಾನಕ ಹಿಂದೆ ಮುಂದೆ ಆಡುವ ಯಂತ್ರ, ಬಡಿಯುವ ಹ್ಯಾಮರ್, ತಿರುಗುವ ಯಂತ್ರ ಎಂದು ಬೇರೆ ಬೇರೆ ಭಾಗಗಳಾಗಿರುವುದು ಇದಕ್ಕೇ. ಇನ್ನು ಮಣ್ಣು. ಗಟ್ಟಿ ಗರಸು ಸಿಕ್ಕಿದವರು ಪುಣ್ಯವಂತರು. ಹುಬ್ಬಳ್ಳಿ, ಗದಗ, ವಿಜಯಪುರದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ್ದು ವರ್ಷಕ್ಕೊಮ್ಮೆ ಏರಿ ಇಳಿಯುತ್ತಿದ್ದರೆ ಯಂತ್ರದ ಮಟ್ಟ ಉಳಿಯುವುದಾದರೂ ಹೇಗೆ? ಉಬ್ಬುವ ಪದರವನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು, ಇಲ್ಲವೇ ತಳದಲ್ಲಿ ಗಂಟೆಯಂತೆ ಅಗಲವಾಗುವ ಪೈಲ್‌ಗಳನ್ನು ಇಳಿಸಬೇಕು. ಎರೆನೆಲಕ್ಕೆಂದೇ ಈ ಪೈಲ್‌ಗಳನ್ನು ರೂಪಿಸಿಕೊಟ್ಟದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ.

ಇಡೀ ಕೆಲಸದ ಜೀವ ಇರುವುದು ಯಂತ್ರದ ತಳಕ್ಕೂ ಕಾಂಕ್ರೀಟಿಗೂ ನಡುವಿನ ಒಂದೆರಡು ಅಂಗುಲದ ಸಂದಿನಲ್ಲಿ. ಫೌಂಡೇಶನ್ ಹಾಕುವಾಗ ಬೋಲ್ಟ್‌ಗಳಿಗೆ ಗುಂಡಿ ಬಿಟ್ಟು, ಮೇಲ್ಮೈಯನ್ನು ಬೇಕೆಂದೇ ತುಸು ತಗ್ಗಿನಲ್ಲಿ ನಿಲ್ಲಿಸುತ್ತಾರೆ. ಕ್ಯೂರಿಂಗ್ ಮುಗಿದ ಮೇಲೆ ಮೇಲಿನ ನುಣುಪಾದ ಹಾಲುಪದರವನ್ನು ಜಲ್ಲಿ ಕಾಣುವ ತನಕ ಉಳಿಯಿಂದ ಕೆತ್ತುತ್ತಾರೆ; ನುಣ್ಣಗಿನ ಮೈಗೆ ಆ ಸಂದಿಗೆ ಸುರಿಯುವ ಗ್ರೌಟ್ ಹಿಡಿಯುವುದಿಲ್ಲ. ಯಂತ್ರವನ್ನು ಬೆಣೆಗಳ ಮೇಲೆ ಇಳಿಸಿ ಮೊದಲು ಬೋಲ್ಟಿನ ಗುಂಡಿಗಳನ್ನು ತುಂಬುತ್ತಾರೆ. ಅದು ಬಿಗಿದ ಮೇಲೆ ಮಟ್ಟ ನೋಡುವ ಸರದಿ. ಇಲ್ಲಿ ಬಳಕೆಯಾಗುವುದು ಗಾರೆಯವರ ರಸಮಟ್ಟವಲ್ಲ, ಮೀಟರಿಗೆ 0.02 ಮಿಲಿಮೀಟರ್ ವಾಲಿದರೂ ಗುಳ್ಳೆ ಒಂದು ಗೆರೆ ಸರಿಯುವಂಥ ಸೂಕ್ಷ್ಮ ಮಟ್ಟ. ನಾಲ್ಕು ಮೀಟರ್ ಉದ್ದದ ಎರಕದ ಬೆಡ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.04 ಮಿಲಿಮೀಟರ್ ಬೆಳೆಯುತ್ತದೆ. ಒಂದು ಬದಿಗೆ ಮಾತ್ರ ಬಿಸಿಲು ಬಿದ್ದರೆ ಅದು ಬಾಗುತ್ತದೆ. ಆದ್ದರಿಂದಲೇ ಅನುಭವಿ ಫಿಟ್ಟರ್ ತಗಡಿನ ಸೂರಿನ ಕೆಳಗೆ ನಡುಮಧ್ಯಾಹ್ನ ಕೊನೆಯ ಮಟ್ಟ ನೋಡಲು ಒಪ್ಪುವುದಿಲ್ಲ. ಆಮೇಲೆ ಗ್ರೌಟಿಂಗ್. ಒಂದು ದಿನ ಮುಂಚಿನಿಂದ ಕಾಂಕ್ರೀಟನ್ನು ನೆನೆಸಿಟ್ಟು, ನಿಂತ ನೀರನ್ನೆಲ್ಲ ಒರೆಸಿ, ಸುತ್ತ ಶಟ್ಟರಿಂಗ್ ಕಟ್ಟಿ, ಒಂದೇ ಬದಿಯಿಂದ ಎಡೆಬಿಡದೆ ಸುರಿಯುತ್ತಾ ಎದುರು ಬದಿಯಲ್ಲಿ ಅದು ಮೇಲೇಳುವವರೆಗೂ ಕಾಯಬೇಕು. ಎರಡೂ ಬದಿಯಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ. ಬರೀ ಸಿಮೆಂಟು ಮರಳು ತುಂಬಿದರೂ ಅದೇ ಗತಿ. ಅದು ಒಣಗುತ್ತಾ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಕುಗ್ಗದ ಗ್ರೌಟ್ ಬೇಕೆನ್ನುವುದು ಅದಕ್ಕೆ. ಗಟ್ಟಿಯಾದ ಮೇಲೆ ತಳಪಟ್ಟಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ತುಂಬಿದ ಕಡೆ ಸದ್ದು ಗಟ್ಟಿ, ಪೊಳ್ಳಿದ್ದ ಕಡೆ ಡೊಳಡೊಳ. ಈ ವ್ಯತ್ಯಾಸವನ್ನು ಗುರುತಿಸುವ ಕಿವಿ ನಾಲ್ಕಾರು ವರ್ಷ ದುಡಿದವರಿಗಷ್ಟೇ ಪಳಗುತ್ತದೆ.

ಇಂದಿನ ಸಿಎನ್‌ಸಿ ಯಂತ್ರಗಳು ಪ್ಯಾಡ್‌ಗಳ ಮೇಲೇ ನಿಲ್ಲುತ್ತವೆ, ಅಗೆಯುವುದೇಕೆ ಎಂದು ಕೇಳುವವರಿದ್ದಾರೆ. ಗಿಡ್ಡ ಬೆಡ್‌ನ, ತನ್ನಷ್ಟಕ್ಕೆ ಬಿಗಿಯಾಗಿರುವ ಯಂತ್ರಗಳ ಮಟ್ಟಿಗೆ ಅವರ ಮಾತು ನಿಜ. ದಪ್ಪನೆಯ ಒಳ್ಳೆಯ ನೆಲಹಾಸು ಸಾಕು. ಆದರೆ ಪ್ಲಾನೋಮಿಲ್ಲರ್‌ನಂಥ ಉದ್ದದ ಯಂತ್ರಗಳಿಗೆ ಬಿಗಿತ ಬರುವುದೇ ಬುನಾದಿಯಿಂದ. ಅದನ್ನು ಕಡೆಗಣಿಸಿದರೆ ದುಬಾರಿ ಕಂಟ್ರೋಲರ್ ತಪ್ಪು ಅಳತೆಯನ್ನೇ ಬಹಳ ನಿಖರವಾಗಿ ಕೊರೆದುಕೊಡುತ್ತದೆ. ಬ್ಯಾಂಕಿನ ಕಂತು ಓಡುತ್ತಿರುವಾಗ ಕಾಂಕ್ರೀಟಿಗೆ 28 ದಿನ ಕಾಯುವುದು ಸಾಧ್ಯವೇ ಎಂಬ ಪ್ರಶ್ನೆ ಇನ್ನೂ ನ್ಯಾಯವಾದದ್ದು. ಸಣ್ಣ ಉದ್ಯಮಿಯ ಈ ಸಂಕಟವನ್ನು ಹಗುರವಾಗಿ ಕಾಣಲಾಗದು. ಆದರೂ ಯಂತ್ರ ಬರಲು ಹಲವು ವೇಳೆ ತಿಂಗಳುಗಳೇ ಹಿಡಿಯುತ್ತವೆ. ಆರ್ಡರ್ ಕೊಟ್ಟಾಗಲೇ ಫೌಂಡೇಶನ್ ನಕ್ಷೆ ಕೇಳಿ ಪಡೆದರೆ ಕ್ಯೂರಿಂಗ್ ಆ ಅವಧಿಯಲ್ಲೇ ಮುಗಿಯುತ್ತದೆ. ಕೇಬಲ್ ಟ್ರೆಂಚ್, ಅರ್ಥಿಂಗ್, ಕ್ರೇನಿನ ಎತ್ತರ, ಬಾಗಿಲಿನ ಅಗಲ ಎಲ್ಲವನ್ನೂ ಆಗಲೇ ನೋಡಿಕೊಳ್ಳಬಹುದು. ಯಂತ್ರ ಗೇಟಿಗೆ ಬಂದ ಮೇಲೆ ಗೋಡೆ ಒಡೆಯುವ ಖರ್ಚಾದರೂ ಉಳಿಯುತ್ತದೆ. ಬಾಡಿಗೆ ಶೆಡ್‌ನವರಿಗೆ ಆಳವಾಗಿ ಅಗೆಯುವ ಅನುಮತಿಯೇ ಸಿಗುವುದಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಸುಲಭದ ಉತ್ತರವಿಲ್ಲ. ಕೈಗಾರಿಕಾ ನಿವೇಶನ ಹಂಚುವಾಗ ಮಣ್ಣಿನ ವರದಿಯನ್ನೂ ಜೊತೆಗಿಟ್ಟು, ಶೆಡ್ ಕಟ್ಟುವಾಗಲೇ ಒಂದು ಅಂಕಣವನ್ನಾದರೂ ಭಾರೀ ಯಂತ್ರಕ್ಕೆ ತಕ್ಕಂತೆ ಗಟ್ಟಿ ಮಾಡಿಟ್ಟರೆ ಇವರ ಕಷ್ಟ ಅರ್ಧವಾದರೂ ಇಳಿದೀತು.

ಕೈಕೆಲಸ ಬಲ್ಲವರ ಚಿಂತೆ ಇದಕ್ಕಿಂತ ದೊಡ್ಡದು. ಸಾರ್ವಜನಿಕ ಉದ್ದಿಮೆಗಳ ತರಬೇತಿ ಶಾಲೆಗಳಲ್ಲಿ ಅಪ್ರೆಂಟಿಸ್ ಆಗಿದ್ದವರು ಹಿರಿಯರ ಪಕ್ಕ ಮಂಡಿಯೂರಿ ಬೆಣೆ ಬಡಿಯುತ್ತಾ ಇದನ್ನು ಕಲಿತರು. ಈಗಿನ ಗುತ್ತಿಗೆ ತಂಡಗಳಿಗೆ ಕ್ರೇನ್ ಇದೆ, ಲೇಸರ್ ಇದೆ. ಒಂದೇ ಯಂತ್ರದ ಜೊತೆ ವಾರಗಟ್ಟಲೆ ಉಳಿಯುವ ಪುರುಸೊತ್ತಿಲ್ಲ. ಯಾವ ಮಣ್ಣಿಗೆ ಎಷ್ಟು ಆಳ, ಗ್ರೌಟ್ ಯಾವ ಹದಕ್ಕೆ ಬರಬೇಕು, ಬೋಲ್ಟನ್ನು ಯಾವ ಸರದಿಯಲ್ಲಿ ಬಿಗಿಯಬೇಕು ಎಂಬ ಅನುಭವವನ್ನು ನಮ್ಮ ಐಟಿಐ ಹುಡುಗರಿಗೆ ಕನ್ನಡದಲ್ಲೇ ಸಿಗುವಂತೆ ಈಗ ಬರೆಸಿಟ್ಟುಕೊಳ್ಳಬೇಕು. ಹೇಳಿಕೊಡಬಲ್ಲವರಲ್ಲಿ ಅನೇಕರಿಗೆ ಆಗಲೇ ಎಪ್ಪತ್ತು ದಾಟಿದೆ.