ಖಾಲಿ ಸಾಲಿನಲ್ಲಿ ಅಡಗಿದ 61

2024ರ ಅಕ್ಟೋಬರಿನಲ್ಲಿ ಪತ್ತೆಯಾದ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಅಮೆರಿಕದ ಲ್ಯೂಕ್ ಡುರಾಂಟ್ ಅದನ್ನು ಹಿಡಿದದ್ದು ಗ್ರಾಫಿಕ್ಸ್ ಕಾರ್ಡುಗಳ ಬಲದಿಂದ. ಸುದ್ದಿಯಾಗುವುದು ಇಂಥ ದಾಖಲೆಗಳೇ. ಆದರೆ ಎಷ್ಟು ಕಂಪ್ಯೂಟರ್ ಜೋಡಿಸಿದರೂ ಬಗೆಹರಿಯದ ಪ್ರಶ್ನೆಯೊಂದಿದೆ. ಅದರ ಬೆನ್ನು ಹತ್ತಿದವರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಕನಕನಹಳ್ಳಿ ರಾಮಚಂದ್ರ ಒಬ್ಬರು.

ಬೀರೂರು ಬಿಟ್ಟ ರೈಲು ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್ ಹಾದು ಹೋಗುತ್ತದೆಂದು ವೇಳಾಪಟ್ಟಿ ನೋಡಿದರೆ ತಿಳಿಯುತ್ತದೆ. ಅವಿಭಾಜ್ಯಗಳಿಗೆ ಅಂಥ ಪಟ್ಟಿಯೇ ಇಲ್ಲ. 113 ಆದ ಮೇಲೆ ಮುಂದಿನದು 127. ನಡುವಿನ ಹದಿಮೂರೂ ಸಂಖ್ಯೆಗಳು ಒಡೆಯುತ್ತವೆ.

ಈಗ ಒಂದು ಸಂಖ್ಯೆಯಿಂದ ಹೊರಟು, ಅದರ ವರ್ಗಮೂಲದಷ್ಟೇ ದೂರ ಹೋಗೋಣ. ದಾರಿಯಲ್ಲಿ ಅವಿಭಾಜ್ಯ ಸಿಕ್ಕೀತೇ? 114ರಿಂದ ಹೊರಟರೆ 124ಕ್ಕೆ ನಿಲ್ಲಬೇಕು, ಒಂದೂ ಇಲ್ಲ. 117ರಿಂದಾಚೆಗೆ ಎಲ್ಲಿಂದ ಹೊರಟರೂ ಸಿಕ್ಕೇ ಸಿಗುತ್ತದೆ ಎಂಬುದು ಗಣಿತಜ್ಞರ ನಂಬಿಕೆ. ಸಾಧಿಸಿದವರು ಮಾತ್ರ ಇನ್ನೂ ಇಲ್ಲ.

ರಾಮಚಂದ್ರ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿಕೊಂಡರು. ಅವಿಭಾಜ್ಯವೇ ಸಿಗದಿದ್ದರೂ, ದೊಡ್ಡ ಅವಿಭಾಜ್ಯವನ್ನು ಅಪವರ್ತನವಾಗಿ ಹೊತ್ತ ಸಂಖ್ಯೆಯಾದರೂ ಇರಬೇಕಲ್ಲ? ಆ ಖಾಲಿ ಸಾಲಿನಲ್ಲೇ 122 ಇದೆ: 2×61. ವರ್ಗಮೂಲದ ಗಾತ್ರದ ಅಪವರ್ತನ ಸಿಗುವುದೇನೂ ದೊಡ್ಡ ಮಾತಲ್ಲ. ಸಾಲು ಅಷ್ಟು ಉದ್ದವಿದ್ದ ಮೇಲೆ ಅದಕ್ಕಿಂತ ಚಿಕ್ಕ ಪ್ರತಿ ಅವಿಭಾಜ್ಯದ ಮಗ್ಗಿಯೂ ಎಲ್ಲೋ ಒಂದು ಕಡೆ ಬಂದು ಬೀಳಲೇಬೇಕು. ಆ ಗೆರೆಯನ್ನು ದಾಟುವುದೇ ಕಷ್ಟ. 1969ರ ಪ್ರಬಂಧದಲ್ಲಿ ಅವರು ಅದನ್ನು ದಾಟಿ, ಸಾಕಷ್ಟು ದೊಡ್ಡ ಸಂಖ್ಯೆಗಳಿಗೆ ವರ್ಗಮೂಲದ, ಅಂದರೆ ½ ಘಾತದ, ಜಾಗದಲ್ಲಿ 15/26 ಘಾತವನ್ನು ಸಾಧಿಸಿದರು. ಒಂದರ ಮುಂದೆ 26 ಸೊನ್ನೆಯಿರುವ ಸಂಖ್ಯೆಗೆ ಈ ಅಳತೆ ಹಿಡಿದರೆ, ಸುಲಭದ ಲೆಕ್ಕ 13 ಸೊನ್ನೆಯ ಗಾತ್ರಕ್ಕೆ ನಿಲ್ಲುತ್ತದೆ, ರಾಮಚಂದ್ರರದು 15ಕ್ಕೆ. ಎರಡೇ ಸೊನ್ನೆ ಅನ್ನಿಸಬಹುದು. ಗಾತ್ರದಲ್ಲಿ ಅದು ನೂರು ಪಟ್ಟು. ಮರುವರ್ಷವೇ ಘಾತವನ್ನು 5/8ಕ್ಕೆ ಏರಿಸಿದರು.

ಈ ದಾರಿಗೆ ಅವರು ಬಂದದ್ದೂ ಸುತ್ತುಬಳಸಿಯೇ. 1933ರಲ್ಲಿ ಹುಟ್ಟಿದ ಅವರು ಹದಿಮೂರರಲ್ಲಿ ತಂದೆಯನ್ನು ಕಳೆದುಕೊಂಡರು. ತಾಯಿ ಜಮೀನಿನ ಮೇಲೆ ಸಾಲ ತೆಗೆದು ಓದಿಸಿದರು. ಬಹುಮಾನವಾಗಿ ಕೈಸೇರಿದ ಶ್ರೀನಿವಾಸ ರಾಮಾನುಜನ್ ಜೀವನಚರಿತ್ರೆ ಸಂಖ್ಯಾಸಿದ್ಧಾಂತದ ಹುಚ್ಚು ಹಿಡಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ತಂದೆ ದುಡಿದಿದ್ದ ಮಿನರ್ವ ಮಿಲ್ಲಿನಲ್ಲೇ ಗುಮಾಸ್ತರಾದರು. ಬಿಡುವಿನಲ್ಲಿ ಗಣಿತ. 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ಕೆ.ಜಿ. ರಾಮನಾಥನ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆ ‘ಹಾರ್ಡಿ–ರಾಮಾನುಜನ್ ಜರ್ನಲ್’ ಆರಂಭಿಸಿದರು. ನಿವೃತ್ತಿಯ ನಂತರ ಬೆಂಗಳೂರಿಗೆ ಮರಳಿ, 2011ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಸಂಶೋಧನೆ ಬಿಡಲಿಲ್ಲ.

ಅವರು ತೆರೆದ ದಾರಿಯಲ್ಲಿ ಬೇರೆಯವರು ನಡೆದರು. ಘಾತ ಇಂಚಿಂಚಾಗಿ ಮೇಲೇರಿ, 2009ರಲ್ಲಿ ರೋಜರ್ ಬೇಕರ್ ಮತ್ತು ಗ್ಲಿನ್ ಹಾರ್ಮನ್ ಕೈಯಲ್ಲಿ 0.74 ಆಯಿತು. ಸಾಲಿನಲ್ಲಿ ಅವಿಭಾಜ್ಯವೇ ಇದೆಯೆನ್ನಲು ಘಾತ 1ಕ್ಕೆ ಮುಟ್ಟಬೇಕು.