ಗಣಕದ ಭಂಡಾರವನ್ನು ಬದಲಿಸುವ ಮುನ್ನ

ಮನೆಯ ಗಣಕಯಂತ್ರದಲ್ಲಿ ಸ್ಥಳ ಸಾಲದೆ ದೊಡ್ಡ ಎಸ್‌ಎಸ್‌ಡಿಯನ್ನು ಕೊಳ್ಳಬೇಕೆಂದಿರುವ ವಾಚಕರು ಮೊದಲು ನಮ್ಮ ಹಾರಂಗಿಯನ್ನು ನೆನೆಯಬೇಕು. ಹುದುಗೂರಿನ ಬಳಿಯ ಈ ಜಲಾಶಯ 8.5 ಟಿ.ಎಂ.ಸಿ. ನೀರು ಹಿಡಿಯಬಲ್ಲುದು, ಆದರೆ ಗದ್ದೆಗೆ ನೀರು ಎಷ್ಟು ಬೇಗ ತಲಪುವುದೆಂಬುದು ನಾಲೆಯ ಅಳತೆಗೆ ಸೇರಿದ ಮಾತು.

ಚಲಿಸುವ ಭಾಗಗಳಿಲ್ಲದ ಈ ಮಾಹಿತಿಭಂಡಾರದ ರೀತಿಯೂ ಹೀಗೆಯೇ. 500 ಜಿಬಿ, 1 ಟಿಬಿ ಎಂಬುವು ಜಲಾಶಯದ ಅಳತೆ. ಸಾಟಾ, ಎನ್‌ವಿಎಂಇ ಎಂಬುವು ನಾಲೆಗಳು. ಸಾಟಾದಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿ ಹರಿದರೆ, ಮೂರನೆಯ ಪೀಳಿಗೆಯ ಎನ್‌ವಿಎಂಇಯಲ್ಲಿ ಸುಮಾರು 3500 ಎಂಬಿಯವರೆಗೆ ಹರಿಯಬಲ್ಲುದು.

ಮೋಸಹೋಗುವುದು ಆಕಾರದಲ್ಲಿ. ‘ಎಂ.2’ ಎಂಬುದು ಪಟ್ಟಿಯ ರೂಪಕ್ಕೆ ಮಾತ್ರ ಹೆಸರು. ಎರಡು ಬಗೆಗಳೂ ಆ ವೇಷದಲ್ಲಿ ಬರುತ್ತವೆ. ಸಾಟಾವನ್ನು ಮಾತ್ರ ಬಲ್ಲ ಕಿಂಡಿ ಎನ್‌ವಿಎಂಇಯನ್ನು ಗುರುತಿಸದು. ಆದುದರಿಂದ ಯಂತ್ರದ ಕೈಪಿಡಿಯಲ್ಲಿ ಕಿಂಡಿ ಯಾವುದೆಂದು ನೋಡಿಕೊಳ್ಳಿ. ಉದ್ದವನ್ನೂ ನೋಡಿ: 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ನಾಲ್ಕನೆಯ ಪೀಳಿಗೆಯದನ್ನು ಮೂರನೆಯದರ ಕಿಂಡಿಗೆ ಹಾಕಬಹುದು; ವೇಗ ಮಾತ್ರ ಹಳೆಯದೇ. ಕೆಲವು ಯಂತ್ರಗಳಲ್ಲಿ ಭಂಡಾರವನ್ನು ಬೆಸೆದೇ ಬಿಟ್ಟಿರುತ್ತಾರೆ; ಅಲ್ಲಿ ಬದಲಾವಣೆಯ ಮಾತೇ ಇಲ್ಲ.

ಇನ್ನೊಂದು ಎಚ್ಚರಿಕೆ. ಎಸ್‌ಎಸ್‌ಡಿಯಿಂದ ಅಳಿಸಿಹೋದುದನ್ನು ಮರಳಿ ಪಡೆಯುವುದು ಬಲು ಕಷ್ಟ. ತೋಟದ ಲೆಕ್ಕ, ಮದುವೆಯ ಚಿತ್ರ, ಗತಿಸಿದ ಹಿರಿಯರ ಧ್ವನಿ ಇವುಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲಿಸಿ, ನಕಲು ತೆರೆಯುವುದೇ ಎಂದು ಪರೀಕ್ಷಿಸಿ. ಬೀಗದ ಸಂಕೇತವಿದ್ದರೆ ಕಾಗದದಲ್ಲಿ ಬರೆದಿಡಿ. ಅನಂತರ ವಿದ್ಯುತ್ ಸಂಪರ್ಕ ಕಳಚಿ, ಯಂತ್ರದ ಮುಚ್ಚಳಕ್ಕೆ ಕೈಹಾಕಿ. ಹೊಸ ಭಂಡಾರ ಅಂಗಡಿಯಲ್ಲಿ ದೊರೆಯುತ್ತದೆ. ಹಿರಿಯರ ಧ್ವನಿ ದೊರೆಯದು.