ಅರ್ಥವಾಗದ ನುಡಿಗೆ ಅರ್ಥ ಹೇಳುವವರು ಯಾರು? ಕ್ರೈಸ್ತ ಆರಾಧನೆಯಲ್ಲಿ 'ಅನ್ಯಭಾಷೆ'ಯ ಸ್ಥಾನ

ಚಿಕ್ಕಬಳ್ಳಾಪುರ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಹೋದರೆ ಜತೆಗೆ ಉರ್ದು. ಗೌರಿಬಿದನೂರು, ಚಿಂತಾಮಣಿ ಭಾಗದ ಜನರಿಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಹೊಸತೇನಲ್ಲ. ಆದರೆ ಪೆಂಟಕೋಸ್ತಲ್ ಸಭೆಗಳ ಭಾನುವಾರದ ಪ್ರಾರ್ಥನೆಯಲ್ಲಿ ಒಮ್ಮೊಮ್ಮೆ ಕೇಳಿಬರುವ ನುಡಿ ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ದಾರಿಹೋಕರಲ್ಲಿ ಅದು ಕುತೂಹಲವನ್ನೂ ಕೆಲವೊಮ್ಮೆ ಅನುಮಾನವನ್ನೂ ಹುಟ್ಟಿಸುತ್ತದೆ. ಕ್ರೈಸ್ತರೊಳಗೂ ಈ ಕುರಿತು ಏಕಾಭಿಪ್ರಾಯವಿಲ್ಲ.

ಈ ಸಭೆಗಳು ಇದನ್ನು 'ಅನ್ಯಭಾಷೆ' ಎನ್ನುತ್ತವೆ. ಕನ್ನಡ ಬೈಬಲಿನಲ್ಲಿ 'ವಾಣಿಗಳನ್ನಾಡುವುದು' ಎಂಬ ಪ್ರಯೋಗವೂ ಉಂಟು. ಪವಿತ್ರಾತ್ಮನ ಪ್ರೇರಣೆಯಿಂದ, ತಾನು ಕಲಿಯದ ನುಡಿಯಲ್ಲಿ ಭಕ್ತನು ದೇವರನ್ನು ಸ್ತುತಿಸುವುದು ಎಂಬುದು ಇದರ ತಾತ್ಪರ್ಯ.

ಎರಡು ಸಂದರ್ಭ, ಎರಡು ರೀತಿ

ಬೈಬಲಿನಲ್ಲಿ ಇದರ ಪ್ರಸ್ತಾಪ ಮುಖ್ಯವಾಗಿ ಎರಡು ಕಡೆ ಬರುತ್ತದೆ. 'ಅಪೊಸ್ತಲರ ಕೃತ್ಯಗಳು' ಭಾಗದ ಪ್ರಕಾರ, ಪಂಚಾಶತ್ತಮ ಹಬ್ಬದ ದಿನ ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯರು ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡಿದರು. ನಾನಾ ದೇಶಗಳಿಂದ ಬಂದಿದ್ದ ಯಾತ್ರಿಕರಿಗೆ ಅವರವರ ತಾಯಿನುಡಿಯೇ ಕೇಳಿಸಿತು. ಅಲ್ಲಿ ದುಭಾಷಿಯ ಅಗತ್ಯವೇ ಬರಲಿಲ್ಲ.

ಕೊರಿಂಥದ ಸಭೆಯ ಸ್ಥಿತಿ ಬೇರೆ. ಅಲ್ಲಿ ಆಡಿದ ನುಡಿ ಕೇಳುಗರಿಗೆ ತಿಳಿಯುತ್ತಿರಲಿಲ್ಲ. ಕ್ರಿ.ಶ. 55ರ ಸುಮಾರಿಗೆ ಆ ಸಭೆಗೆ ಬರೆದ ಪತ್ರದಲ್ಲಿ ಪೌಲನು ಈ ವರವನ್ನು ನಿಷೇಧಿಸಲಿಲ್ಲ. ಆದರೆ ಕಟ್ಟುಪಾಡು ವಿಧಿಸಿದನು. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರಂತೆ ಮಾತನಾಡಬೇಕು. ಅರ್ಥ ಹೇಳುವವನೊಬ್ಬನು ಇರಬೇಕು. ಅಂಥವನು ಇಲ್ಲದಿದ್ದರೆ ಸಭೆಯಲ್ಲಿ ಮೌನವಾಗಿರಬೇಕು. ತಿಳಿಯದ ಸಾವಿರಾರು ಮಾತುಗಳಿಗಿಂತ ತಿಳಿಯುವ ಐದು ಮಾತು ಮೇಲೆಂಬುದು ಅವನ ನಿಲುವು.

ಕನ್ನಡ ನೆಲದ ನಂಟು

ಆಧುನಿಕ ಪೆಂಟಕೋಸ್ತಲ್ ಚಳವಳಿಯ ಮೂಲವನ್ನು ಸಾಮಾನ್ಯವಾಗಿ 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ನಡೆದ ಕೂಟಗಳಲ್ಲಿ ಗುರುತಿಸಲಾಗುತ್ತದೆ. ಅದಕ್ಕೂ ಒಂದು ವರ್ಷ ಮುಂಚೆಯೇ, 1905ರಲ್ಲಿ, ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ದೊಡ್ಡ ಆತ್ಮಿಕ ಜಾಗೃತಿ ಆರಂಭವಾಗಿತ್ತು. ಮುಂದೆ ಅಲ್ಲಿಯೂ ಅನ್ಯಭಾಷೆಯ ಪ್ರಾರ್ಥನೆ ಕೇಳಿಬಂದಿತು. ಆ ಸಂಸ್ಥೆಯನ್ನು ಕಟ್ಟಿದ ಪಂಡಿತಾ ರಮಾಬಾಯಿ ಜನಿಸಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ.

ಇದೇ ರಮಾಬಾಯಿ ಬದುಕಿನ ಕೊನೆಯ ವರ್ಷಗಳನ್ನು ಬೈಬಲನ್ನು ಸರಳ ಮರಾಠಿಗೆ ತರಲು ಮೀಸಲಿಟ್ಟರು; ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಕಲಿತರು. 1922ರಲ್ಲಿ ನಿಧನರಾದರು. ಅರ್ಥಕ್ಕೆ ಮೀರಿದ ಪ್ರಾರ್ಥನೆಗೆ ಎಡೆಕೊಟ್ಟ ಸದನದಲ್ಲಿಯೇ, ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಗ್ರಂಥ ಸಿದ್ಧವಾಯಿತು ಎಂಬುದು ಗಮನಾರ್ಹ.

ಸಭೆಗೊಂದು ನಿಲುವು

ಚಿಕ್ಕಬಳ್ಳಾಪುರದ ಹಿರಿಯರಿಗೆ ಲಂಡನ್ ಮಿಷನ್ ಹೆಸರು ಪರಿಚಿತ. ಆ ಮಿಷನ್ ಆರಂಭಿಸಿದ ಆಸ್ಪತ್ರೆ ಇಂದು ಸಿಎಸ್‌ಐ ಆಸ್ಪತ್ರೆ. 1947ರಲ್ಲಿ ರೂಪುಗೊಂಡ ಸಿಎಸ್‌ಐ ಸಭೆಗಳಲ್ಲಿ ನಿಗದಿತ ಕ್ರಮದ ಆರಾಧನೆಯೇ ರೂಢಿ. ಅನ್ಯಭಾಷೆ ಅಲ್ಲಿ ಆರಾಧನಾ ಕ್ರಮದ ಅಂಗವಲ್ಲ. ಕ್ಯಾಥೊಲಿಕರಲ್ಲಿ 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ಯಾರಿಸ್ಮಾಟಿಕ್ ನವೀಕರಣವು ಇದಕ್ಕೆ ಪ್ರಾರ್ಥನಾ ಕೂಟಗಳಲ್ಲಿ ಸ್ಥಾನ ಕೊಟ್ಟಿತು. ಅಪೊಸ್ತಲರ ಕಾಲದೊಂದಿಗೇ ಈ ವರ ನಿಂತುಹೋಯಿತೆಂದು ವಾದಿಸುವ ಪ್ರಾಟೆಸ್ಟೆಂಟರೂ ಇದ್ದಾರೆ. ಇದಕ್ಕೆ ಪ್ರತಿಯಾಗಿ ಅಸೆಂಬ್ಲೀಸ್ ಆಫ್ ಗಾಡ್‌ನಂಥ ಸಭೆಗಳು ಅನ್ಯಭಾಷೆಯನ್ನು ಪವಿತ್ರಾತ್ಮನ ದೀಕ್ಷಾಸ್ನಾನದ ಮೊದಲ ಬಾಹ್ಯ ಕುರುಹು ಎಂದು ಬೋಧಿಸುತ್ತವೆ.

ವಿದ್ವಾಂಸರೂ ಇದನ್ನು ಪರಿಶೀಲಿಸಿದ್ದಾರೆ. ಭಾಷಾವಿಜ್ಞಾನಿ ವಿಲಿಯಂ ಸಮಾರಿನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇದರ ಧ್ವನಿಗಳು ಹೆಚ್ಚಾಗಿ ಆಡುವವರಿಗೆ ಪರಿಚಿತವಾದ ಭಾಷೆಗಳವೇ. ಆದರೆ ವ್ಯಾಕರಣಬದ್ಧ ಭಾಷೆಯ ಲಕ್ಷಣಗಳು ಕಾಣುವುದಿಲ್ಲ. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡವು ಐವರು ಮಹಿಳೆಯರ ಮಿದುಳಿನ ಚಿತ್ರಣ ನಡೆಸಿತು. ಆಗ ಸ್ವನಿಯಂತ್ರಣಕ್ಕೆ ಸಂಬಂಧಿಸಿದ ಮುಂಭಾಗದ ಚಟುವಟಿಕೆ ತಗ್ಗಿದ್ದು ಕಂಡುಬಂದಿತು. ನಾಲಗೆಯನ್ನು ತಾವಾಗಿ ಆಡಿಸುತ್ತಿಲ್ಲವೆಂಬ ಭಕ್ತರ ಅನುಭವಕ್ಕೆ ಇದು ಹೊಂದುತ್ತದೆ. ನುಡಿಯ ಮೂಲ ದೈವಿಕವೇ ಎಂಬ ಪ್ರಶ್ನೆಗೆ ಮಾತ್ರ ಯಂತ್ರ ಉತ್ತರ ಹೇಳಲಾರದು.

ಬಾರದವರ ಪಾಡು

ನಮ್ಮ ಹಳ್ಳಿಗಳಲ್ಲಿ ಇದನ್ನು ದೇವರು ಮೈದುಂಬುವುದಕ್ಕೆ ಹೋಲಿಸುವವರುಂಟು. ಆದರೆ ಪೌಲನ ಬೋಧನೆಯಲ್ಲಿ ಆಡುವವನು ಎಚ್ಚರ ತಪ್ಪುವುದಿಲ್ಲ, ಬೇಕೆಂದಾಗ ಸುಮ್ಮನಿರಬಲ್ಲನು. ಸುಮ್ಮನಿರಿ ಎಂಬ ಅಪ್ಪಣೆಗೆ ಅರ್ಥ ಬರುವುದೇ ಆಗ.

ನಿಜವಾದ ಕಷ್ಟ ಸಭೆಯ ಒಳಗಿನದು. ಅಕ್ಕಪಕ್ಕದವರೆಲ್ಲ ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ ತುಟಿ ಬಿಗಿದು ಕುಳಿತವರಿಗೆ ತಮ್ಮ ಭಕ್ತಿಯೇ ಕಡಿಮೆಯೇನೋ ಎಂಬ ಅಳುಕು ಹುಟ್ಟುತ್ತದೆ. ಕೆಲವರು ಸಂಕೋಚಕ್ಕೆ ಸಿಲುಕಿ ಇತರರನ್ನು ಅನುಕರಿಸುವ ಅಪಾಯವೂ ಇದೆ. ಎಲ್ಲರೂ ವಾಣಿಗಳನ್ನಾಡುವರೇ ಎಂದು ಪೌಲನೇ ಕೇಳುತ್ತಾನೆ. ಇಲ್ಲವೆಂಬ ಉತ್ತರ ಆ ಪ್ರಶ್ನೆಯಲ್ಲೇ ಅಡಗಿದೆ. ವರಗಳ ಚರ್ಚೆಯ ನಡುವೆಯೇ ಅವನು ಪ್ರೀತಿಯ ಕುರಿತ ಅಧ್ಯಾಯವನ್ನಿಟ್ಟು, ಪ್ರೀತಿಯಿಲ್ಲದ ವಾಣಿ ಬರಿಯ ಕಂಚಿನ ಸದ್ದು ಎನ್ನುತ್ತಾನೆ.

ಎರಡು ಮೂರು ಭಾಷೆಗಳ ನಡುವೆ ಬಾಳುವ ಈ ಜಿಲ್ಲೆಯ ಜನರಿಗೆ ಈ ವಿವೇಕ ಅಪರಿಚಿತವಲ್ಲ. ಎದುರಿನವನಿಗೆ ಕನ್ನಡ ತಿಳಿಯದಿದ್ದರೆ ತೆಲುಗಿನಲ್ಲಿ ಹೇಳುತ್ತಾರೆ. ಎರಡೂ ತಿಳಿಯದಿದ್ದರೆ ಬಲ್ಲವರೊಬ್ಬರನ್ನು ಕರೆಯುತ್ತಾರೆ. ಕೊರಿಂಥದ ಸಭೆಗೆ ಪೌಲನು ಹೇಳಿದ್ದೂ ಇದನ್ನೇ.